ಸೇತುವೆ ದಾಟಿದ ಮೇಲೆ ಒಡೆಯುವುದು

ಮೇ ೪

ಬೆಂಕಿಕಡ್ಡಿಗೆ,

ಅಕ್ಷರ ನೋಡಿಯೇ ಯಾರದೆಂದು ಗೊತ್ತಾಗಿರುತ್ತದೆ. ಮೂರು ವರ್ಷದಿಂದ ನಾವಿಬ್ಬರೂ ಮಾತಾಡುತ್ತಿರುವುದು ನಿಮ್ಮಣ್ಣನ ಬಾಯಿಂದ. "ಅತ್ತಿಗೆ ಹೇಗಿದ್ದಾರೆ ಅಂತ ಕೇಳ್ತಿದಾಳೆ" ಎಂದು ಅವರು ಫೋನು ಹಿಡಿದು ನನ್ನ ಕಡೆ ನೋಡುತ್ತಾರೆ, ನಾನು ತಲೆಯಾಡಿಸುತ್ತೇನೆ, "ಚೆನ್ನಾಗಿದಾಳಂತೆ" ಎಂದು ಅವರು ದಾಟಿಸುತ್ತಾರೆ. ನಿನ್ನ ವಿಳಾಸವನ್ನು ಅವರ ಡೈರಿಯಿಂದ ಕದ್ದೆ. ಕದಿಯಲು ಕಾರಣವಿದೆ. ಓದಿ ಮುಗಿಸಿದ ಮೇಲೆ ಬೇಕಾದರೆ ಸಿಟ್ಟಾಗು.

ನಿನ್ನೆ ಕಂಪ್ಯೂಟರ್ ಅಂಗಡಿಯ ಮುಂದೆ ನೀರಿನ ಮೀಟರ್ ಓದುತ್ತಿದ್ದೆ. ಆ ಗುಂಡಿಯ ಮುಚ್ಚಳ ಎತ್ತಿದರೆ ಯಾವಾಗಲೂ ಒಂದು ಕಪ್ಪೆ ಕೂತಿರುತ್ತದೆ. ಅದನ್ನು ಸರಿಸಿ, ಗಾಜು ಒರೆಸಿ, ಅಂಕಿ ಬರೆದುಕೊಂಡು, ಸೊಂಟ ಹಿಡಿದುಕೊಂಡು ಎದ್ದೆ. ಎದುರಿಗೆ ಅಂಗಡಿಯ ಗಾಜಿಗೆ ಅಂಟಿಸಿದ ಚಿತ್ರದಲ್ಲಿ ಅವಳು, ನಮ್ಮ ಹಳೆಯ ಕಂಪ್ಯೂಟರ್ ಆಟದ ದೀಪಗಾರ್ತಿ. ಅದೇ ಉದ್ದ ಕೋಲು, ಕೋಲಿನ ತುದಿಯಲ್ಲಿ ಅದೇ ಬತ್ತಿ. ಕೆಳಗೆ ದಪ್ಪ ಅಕ್ಷರದಲ್ಲಿ 'ದೀಪಗಾರ್ತಿ, ಎರಡನೆಯ ಭಾಗ'. ಹದಿನಾಲ್ಕು ವರ್ಷ ಕಾದದ್ದು, ಕಡ್ಡಿ. ಬರುತ್ತದೆ ಬರುತ್ತದೆ ಎಂದು ಹೇಳಿ ಆಟ ಮಾಡುವವರು ಎರಡು ಸಲ ಕೈಯೆತ್ತಿಬಿಟ್ಟಿದ್ದರು. ನಾನು ರಸ್ತೆಯಲ್ಲೇ ನಿಂತು ನಕ್ಕೆ. ಅಂಗಡಿಯವನು ಹೊರಗೆ ಬಂದು, "ಏನ್ ಮೇಡಂ, ನಮ್ದು ನೀರು ಅಷ್ಟೊಂದು ಖರ್ಚಾಗಿದೆಯಾ" ಎಂದು ಗಾಬರಿಯಿಂದ ಕೇಳಿದ.

ನಾನು ಮದುವೆಯಾಗಿ ಆ ಮನೆಗೆ ಬಂದಾಗ ನಿನಗೆ ಹದಿನೇಳು. ಮನೆಗೊಂದೇ ಕಂಪ್ಯೂಟರ್. ನೀರಿನಲ್ಲಿ ಅರ್ಧ ಮುಳುಗಿದ ಆ ಊರಿನಲ್ಲಿ ಒಂದೊಂದೇ ಬೀದಿದೀಪ ಹಚ್ಚುತ್ತಾ ಹೋಗುವ ಹುಡುಗಿ ನಿನಗೂ ಬೇಕು, ನನಗೂ ಬೇಕು. ಹೊಸ ಸೊಸೆ ಎಂಬ ನಾಚಿಕೆ ನನಗೂ ಇರಲಿಲ್ಲ, ಅತ್ತಿಗೆ ಎಂಬ ದಾಕ್ಷಿಣ್ಯ ನಿನಗೂ ಇರಲಿಲ್ಲ. ಕೊನೆಗೆ ಅತ್ತೆ ಸೌಟು ಹಿಡಿದುಕೊಂಡೇ ಬಂದು ತೀರ್ಪು ಕೊಟ್ಟರು: "ಒಬ್ಬಳು ಕಾಲು, ಒಬ್ಬಳು ಕಣ್ಣು. ಮತ್ತೆ ಕಿತ್ತಾಡಿದ್ರೆ ವೈರೇ ಕಿತ್ತುಹಾಕ್ತೀನಿ." ಅಂದಿನಿಂದ ಎಡಗಡೆ ಕುರ್ಚಿಯಲ್ಲಿ ಕೂತು ಕೀಬೋರ್ಡಿನಿಂದ ಅವಳನ್ನು ನಡೆಸಿದ್ದು ನಾನು, ಬಲಗಡೆ ಕೂತು ಮೌಸಿನಿಂದ ಅವಳ ಕತ್ತು ತಿರುಗಿಸಿದ್ದು ನೀನು. ಕಂಬದ ಕೆಳಗೆ ನಾನು ನಿಲ್ಲಿಸಬೇಕು, ಮೇಲೆ ನೋಡಿ ನೀನು ಹಚ್ಚಬೇಕು.

ಚಿತ್ರದಲ್ಲಿ ಅವಳ ಕಿವಿಯ ಹತ್ತಿರ ಕೂದಲು ನರೆತಿದೆ. ನಮಗೆ ಮಾತ್ರ ವಯಸ್ಸಾಗಲಿ ಎಂದು ಬಿಡಲಿಲ್ಲ ನೋಡು, ಅದು ನೋಡಿಯೇ ಬರೆಯಬೇಕು ಅನ್ನಿಸಿತು. ಉತ್ತರ ಬರೆಯಲೇಬೇಕೆಂದಿಲ್ಲ. ಬರೆದರೆ ಬೇಡ ಅನ್ನುವುದಿಲ್ಲ.

ನಿನ್ನ ಅತ್ತಿಗೆ

•

ಮೇ ೧೩

ಅತ್ತಿಗೆಗೆ,

ಪತ್ರ ತಲುಪಿತು. ಅದು ಬರುವ ಎರಡು ದಿನ ಮೊದಲೇ ಆಟ ನನ್ನ ಕಂಪ್ಯೂಟರಿನಲ್ಲಿತ್ತು. ಬಿಡುಗಡೆಯ ದಿನ ಹಲ್ಲಿನ ಸೆಟ್ಟು ಮಾಡುವ ನಮ್ಮ ಲ್ಯಾಬಿಗೆ ರಜೆ ಹಾಕಿದೆ. "ಏನಮ್ಮಾ, ಮನೇಲಿ ಕಾರ್ಯಕ್ರಮಾನಾ" ಎಂದು ಲ್ಯಾಬಿನ ಯಜಮಾನರು ಕೇಳಿದರು. "ಇಲ್ಲ ಸರ್, ಹಳೇ ಸಂಬಂಧಿಕರೊಬ್ಬರು ಬರ್ತಿದಾರೆ" ಎಂದೆ. ಯಾರದೋ ಬಾಯಿಗೆ ಕೂರಬೇಕಾದ ಮೇಲ್ದವಡೆಯ ಸೆಟ್ಟು ಆ ದಿನ ಮೇಜಿನ ಮೇಲೆ ಮೇಣದ ಹಲ್ಲು ಕಿರಿದುಕೊಂಡೇ ಇತ್ತಂತೆ. ಒಂದು ದಿನ ಗಂಜಿ ಕುಡಿದಿರುತ್ತಾರೆ ಬಿಡಿ.

ನೀವು ಬರೆದದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಆದರೆ ಎರಡು ಶರತ್ತು. ಒಂದು, ಆಟದ ವಿಷಯ ಮಾತ್ರ ಬರೆಯೋಣ. ಉಳಿದದ್ದು ಬೇಡ. ಎರಡು, ಫೋನಿನಲ್ಲಿ ಆಟದ ಸುದ್ದಿ ಎತ್ತಲೇಬಾರದು. ನಿಮ್ಮ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಟೀವಿಯಲ್ಲಿ ಕೊಲೆಯ ಸಿನಿಮಾ ಬಂದರೆ ಮೊದಲ ಜಾಹೀರಾತಿಗೇ ಕೊಲೆಗಾರ ಯಾರೆಂದು ಹೇಳಿ ಅಮ್ಮನ ಕೈಯಲ್ಲಿ ಬೈಸಿಕೊಂಡವರು ನೀವು. ಪತ್ರವೇ ಸರಿ. ಆಟದಲ್ಲಿ ಯಾವ ಜಾಗ ದಾಟಿದ ಮೇಲೆ ಪತ್ರ ಓದಬೇಕೋ ಅದನ್ನು ಲಕೋಟೆಯ ಮೇಲೆ ಬರೆದುಬಿಡಿ. ಆ ಜಾಗ ದಾಟದೆ ನಾನು ಲಕೋಟೆ ಒಡೆಯುವುದಿಲ್ಲ. ಅಮ್ಮನಾಣೆ.

ಕಡ್ಡಿ

•

ಮೇ ೨೪
(ಲಕೋಟೆಯ ಮೇಲೆ: ಎಲ್ಲಿದ್ದರೂ ಒಡೆಯಬಹುದು)

ಕಡ್ಡಿ,

ನಿನ್ನ ಎರಡೂ ಶರತ್ತಿಗೆ ಒಪ್ಪಿದೆ. ಆಣೆ ಹಾಕುವಷ್ಟು ದೊಡ್ಡ ವಿಷಯವೇನೂ ಆಗಿರಲಿಲ್ಲ, ಆದರೂ ಇರಲಿ.

ಈ ಆಟ ಮಾಡಿದವರಿಗೆ ಕೈ ಮುಗಿಯಬೇಕು. ಮೀನಂಗಡಿ ಸಾಲಿನ ಹಲಗೆದಾರಿ ನೋಡಿದೆಯಾ? ಒಂದೊಂದು ಹಲಗೆಗೂ ಒಂದೊಂದು ಸದ್ದು. ನೆನೆದದ್ದು ದಪ್ಪ್ ಎನ್ನುತ್ತದೆ, ಒಣಗಿದ್ದು ಟಕ್ ಎನ್ನುತ್ತದೆ. ನಡುವೆ ಒಂದೇ ಒಂದು ಹಲಗೆ ಹೊಸದು, ಅದರ ಮೊಳೆ ಇನ್ನೂ ಹೊಳೆಯುತ್ತಿದೆ. ಮುಳುಗಿ ಇಷ್ಟು ವರ್ಷವಾದ ಊರಿನಲ್ಲೂ ಯಾರೋ ಒಬ್ಬರು ಸುತ್ತಿಗೆ ಹಿಡಿದು ರಿಪೇರಿ ಮಾಡುತ್ತಿದ್ದಾರೆ ಎಂದಾಯಿತು. ಅವರ ಮುಖ ಎಲ್ಲೂ ಕಾಣುವುದಿಲ್ಲ, ಮೊಳೆ ಮಾತ್ರ ಕಾಣುತ್ತದೆ. ಆ ಹಲಗೆಯ ಮೇಲೆ ಅವಳನ್ನು ಎರಡು ಸಲ ನಡೆಸಿದೆ. ನಮ್ಮ ನೀರಿನ ಇಲಾಖೆಯವರಿಗೂ ಆ ಮೊಳೆ ತೋರಿಸಬೇಕು.

ಮೆಟ್ಟಿಲು ಹತ್ತುವಾಗ ಹನ್ನೊಂದನೆಯ ಮೆಟ್ಟಿಲಿಗೆ ಅವಳು ಸೊಂಟದ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ. ಬೇಕೆಂದೇ ಮೂರು ಸಲ ಇಳಿದು ಹತ್ತಿಸಿದೆ. ಪಾಪ, ಮೂರು ಸಲವೂ ಇಟ್ಟುಕೊಂಡಳು. ಹಳೆಯ ಆಟದಲ್ಲಿ ಒಂದೇ ಉಸಿರಿಗೆ ಗೋಪುರ ಹತ್ತುತ್ತಿದ್ದವಳು.

ನನ್ನ ರುಚಿ ನಿನಗೆ ಗೊತ್ತಿದ್ದದ್ದೇ, ನಿಂತಲ್ಲಿ ನಿಲ್ಲುವವಳಲ್ಲ. ದಾರಿ ಕಂಡರೆ ಹೋಗಬೇಕು. ಹದಿನೈದು ದಿನದಲ್ಲಿ ಮೀನಂಗಡಿ, ಹಗ್ಗದವರ ಕೇರಿ, ಉಪ್ಪಿನ ಗೋದಾಮು ಎಲ್ಲ ಮುಗಿಸಿದೆ. ನಿಮ್ಮಣ್ಣನಿಗೆ ಚೆಂಡಾಟ ಬಿಟ್ಟರೆ ಬೇರೆ ಆಟ ಆಟವೇ ಅಲ್ಲ. ಬ್ರೆಡ್ಡಿನ ವ್ಯಾನು ನಿಲ್ಲಿಸಿ ಬಂದವರು ನನ್ನ ಬೆನ್ನ ಹಿಂದೆ ನಿಂತು, "ಗೋಲಿಲ್ಲ, ಎದುರಾಳಿ ಇಲ್ಲ, ಬರೀ ನೆಲ ನೋಡ್ಕೊಂಡು ಹೋಗ್ತಿದೀಯ. ಕೆಲಸದಲ್ಲೂ ದಿನಾ ಇದೇ ತಾನೇ ಮಾಡೋದು" ಎಂದರು. ನಾನು ಅವಳನ್ನು ಮುಂದಿನ ಹಲಗೆಗೆ ನಡೆಸಿದೆ.

ನೀನು ಎಲ್ಲಿಗೆ ಬಂದೆ? ಏನೇನು ನೋಡಿದೆ? ಸಣ್ಣದನ್ನೂ ಬಿಡದೆ ಬರೆ.

ಅತ್ತಿಗೆ

•

ಜೂನ್ ೨
(ಲಕೋಟೆಯ ಮೇಲೆ: ಯಾವಾಗ ಬೇಕಾದರೂ)

ಅತ್ತಿಗೆ,

ಮೊಳೆಯ ವಿಷಯ ಓದಿ ನಾನು ಸೆಟ್ಟಿನ ಹಲ್ಲು ತೀಡುತ್ತಿದ್ದ ಯಂತ್ರವನ್ನೇ ನಿಲ್ಲಿಸಿದೆ. ಇಡೀ ಊರು ಕಣ್ಣ ಮುಂದಿರುವಾಗ ಒಂದು ಮೊಳೆಯನ್ನು ನೋಡುವವರು ನೀವೊಬ್ಬರೇ ಇರಬೇಕು. ಇಷ್ಟು ವರ್ಷ ನಿಮ್ಮ ಪಕ್ಕದಲ್ಲಿ ಕೂತು, ನೀವು ಬರೀ ನಡೆಸುತ್ತೀರಿ ಎಂದುಕೊಂಡಿದ್ದೆನಲ್ಲ.

ನಾನು ನಿಧಾನಸ್ಥೆ. ಆಟ ಮುಗಿಸುವವರು ಬೇರೆ, ಆಟದಲ್ಲಿ ಇರುವವರು ಬೇರೆ, ನಾನು ಎರಡನೆಯ ಜಾತಿ. ದೋಣಿ ಬಂದು ನಿಲ್ಲುವ ಮೊದಲ ಕಟ್ಟೆಯನ್ನೇ ತೆಗೆದುಕೊಳ್ಳಿ. ನೀವು ಅದನ್ನು ಒಂದು ನಿಮಿಷದಲ್ಲಿ ದಾಟಿರುತ್ತೀರಿ. ಅಲ್ಲಿ ನಿಂತರೆ ನಲವತ್ತೊಂದು ಕಿಟಕಿ ಕಾಣುತ್ತವೆ. ಒಂಬತ್ತರಲ್ಲಿ ಪರದೆ ಇದೆ. ಮೂರನೆಯ ಮಹಡಿಯಲ್ಲಿ ಒಬ್ಬಳು ಕುಂಡಕ್ಕೆ ನೀರು ಹಾಕುತ್ತಾಳೆ. ಸುತ್ತ ಅಷ್ಟು ನೀರಿದ್ದರೂ ಆಕೆ ಚೆಂಬಿನಲ್ಲಿ ಅಳೆದು ಹಾಕುವುದು ನೋಡಬೇಕು. ಬೂದುಬಣ್ಣದ ಹಕ್ಕಿಯೊಂದು ಗಡಿಯಾರದ ದೊಡ್ಡ ಮುಳ್ಳಿನ ಮೇಲೆ ಕೂರುತ್ತದೆ, ಅದು ಕೂತಾಗಲೆಲ್ಲ ಗಂಟೆ ಐದು ನಿಮಿಷ ಹಿಂದೆ ಹೋಗುತ್ತದೆ. ಮನೆಗಳ ಸಾಲು ಥೇಟು ಕೆಳದವಡೆಯ ಹಾಗಿದೆ, ಎಡಕ್ಕೆ ಒಂದು ದವಡೆಹಲ್ಲು ಬಿದ್ದಿದೆ. ನೀರಿನ ಬಣ್ಣಕ್ಕಂತೂ ನಮ್ಮ ಲ್ಯಾಬಿನ ಹಲ್ಲುಬಣ್ಣಗಳ ಪಟ್ಟಿಯಲ್ಲಿ ಹೆಸರಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು.

ನಮ್ಮ ಲ್ಯಾಬಿನಲ್ಲಿ ಪಾಲಿಶ್ ಮಾಡುವವಳಿಗೆ ಇದನ್ನು ತೋರಿಸಿದೆ. ಅವಳು ಹೆಣಗಳು ಎದ್ದು ಬರುವ ಆಟ ಆಡುವವಳು, ಗುಂಡು ಹಾರಿಸಿದರೇನೇ ಅವಳಿಗೆ ತಲೆನೋವು ಇಳಿಯುವುದು. ಐದು ನಿಮಿಷ ನೋಡಿ, "ಏನೂ ಆಗ್ತಾನೇ ಇಲ್ವಲ್ಲೇ" ಎಂದಳು. ಹಕ್ಕಿ ಬಂದು ಗಂಟೆ ಹಿಂದೆ ಹೋಯಿತಲ್ಲ, ಅದು ಆದದ್ದಲ್ಲವೇ?

ನಾನು ಎಲ್ಲಿದ್ದೇನೆ ಎಂದು ಕೇಳಿದ್ದೀರಿ. ನಿಮ್ಮ ಹಿಂದೆಯೇ ಇದ್ದೇನೆ ಅನ್ನಿ.

ಕಡ್ಡಿ

•

ಜೂನ್ ೧೧
(ಲಕೋಟೆಯ ಮೇಲೆ: ಕಬ್ಬಿಣದ ಸೇತುವೆ ದಾಟಿದ ಮೇಲೆ ಒಡೆಯುವುದು)

ಕಡ್ಡಿ,

ಸೇತುವೆ ದಾಟಿ ಬಂದೆಯಲ್ಲ, ಇನ್ನು ನಿನ್ನಿಂದ ಬಚ್ಚಿಡುವುದಿಲ್ಲ. ಹನ್ನೆರಡು ಕಂಬ ದಾಟಿ ಇಲ್ಲಿಗೆ ಬಂದಿದ್ದೇನೆ, ಒಂದು ದೀಪವನ್ನೂ ಹಚ್ಚಿಲ್ಲ.

ಹಚ್ಚಲು ನನಗೆ ಬರುವುದಿಲ್ಲ. ಮೌಸಿಗೆ ಕೈ ಹಾಕಿದರೆ ಆಕಾಶ ಗಿರ್ರನೆ ತಿರುಗಿ ನನಗೆ ವಾಕರಿಕೆ ಬರುತ್ತದೆ. ಮೊದಲ ದಿನ ಹೇಗೋ ಅವಳ ಕತ್ತು ಕೆಳಗೆ ಬಗ್ಗಿ ನಿಂತಿತು, ನಾನು ಮೌಸನ್ನು ಎತ್ತಿ ಕಪಾಟಿನಲ್ಲಿ ಇಟ್ಟೆ. ಅಂದಿನಿಂದ ಅವಳು ತಲೆ ಬಗ್ಗಿಸಿಕೊಂಡೇ ನಡೆಯುತ್ತಿದ್ದಾಳೆ. ನೀನು ಮೆಚ್ಚಿದ ಮೊಳೆ ಕಂಡದ್ದು ಹೀಗೆ. ಕಾಲಿಗೆ ದಾರಿ ಸಿಗುತ್ತದೆ, ಆದರೆ ಹಿಂದೆ ತಿರುಗಿದರೆ ಊರಿಗೆ ಊರೇ ಕತ್ತಲು. ನಿನ್ನ ಪತ್ರದ ಕಿಟಕಿಗಳನ್ನು ಓದಿ ನನಗೆ ಹೊಟ್ಟೆಕಿಚ್ಚಾಗಲಿಲ್ಲ ಅಂದರೆ ಸುಳ್ಳು. ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಎಂಥ ಕಣ್ಣು ನಿನ್ನದು.

ಈಗ ನೀನು ಬೇಡವೆಂದ ವಿಷಯ. ಅತ್ತೆ ತೀರಿಕೊಂಡ ತಿಂಗಳೇ ನಾನು ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಟ್ಟೆ. ನೀನು ಬಾಗಿಲಲ್ಲಿ ನಿಂತು, "ಹೊರಗಿಂದ ಬಂದೋರಿಗೆ ಈ ಮನೆ ಸಾಮಾನೆಲ್ಲ ಗುಜರಿನೇ" ಎಂದೆ. ಆಗ ನಾನು ಬಾಯಿ ಬಿಡಲಿಲ್ಲ, ನನಗೂ ಹಟ. ನಿಜ ಹೇಳುತ್ತೇನೆ ಕೇಳು. ಅದು ಅಷ್ಟರಲ್ಲಾಗಲೇ ಸತ್ತಿತ್ತು. ಮೂರು ಕಡೆ ರಿಪೇರಿಗೆ ಹೊತ್ತುಕೊಂಡು ಹೋದೆ, ಒಳಗಿದ್ದ ನಮ್ಮ ಆಟವನ್ನಾದರೂ ತೆಗೆದುಕೊಡಿ ಎಂದೆ. ಮೂರನೆಯವನು, "ಏನೂ ಉಳಿದಿಲ್ಲಮ್ಮಾ" ಎಂದ. ಅಮ್ಮನನ್ನು ಕಳೆದುಕೊಂಡವಳಿಗೆ ಅದನ್ನೂ ಹೇಳುವುದು ಹೇಗೆಂದು ಸುಮ್ಮನೆ ಡಬ್ಬ ಮಾತ್ರ ಕೊಟ್ಟುಬಿಟ್ಟೆ. ಕೀಬೋರ್ಡು, ಮೌಸು ಕೊಡಲಿಲ್ಲ. ಇವತ್ತಿಗೂ ಇವೆ.

ಜುಲೈ ಆರರಿಂದ ಹದಿನಾರರವರೆಗೆ ರಜೆ ಕೇಳಿದ್ದೇನೆ. ಬಾ, ಎರಡು ಕುರ್ಚಿ ಹಾಕುತ್ತೇನೆ, ಮೊದಲ ಕಟ್ಟೆಯಿಂದ ಶುರು ಮಾಡೋಣ. ಒಪ್ಪಿಗೆ ಎಂದು ಒಂದು ಮಾತು ಬರೆದರೆ ಸಾಕು, ಮತ್ತೆ ಪತ್ರ ಬೇಡ. ಆರನೆಯ ತಾರೀಕು ಬೆಳಗಿನ ರೈಲಿಗೆ ಸ್ಟೇಷನ್ನಿನಲ್ಲಿ ಇರುತ್ತೇನೆ. ಬರಲು ಮನಸ್ಸಿಲ್ಲದಿದ್ದರೆ ಅದನ್ನೂ ಬರೆ. ಇನ್ನೊಮ್ಮೆ ಕೇಳಿ ನಿನ್ನನ್ನು ಮುಜುಗರಕ್ಕೆ ಹಾಕುವುದಿಲ್ಲ.

ಅತ್ತಿಗೆ

•

ಜೂನ್ ೧೯
(ಕಳಿಸದೆ ಉಳಿದದ್ದು)

ಅತ್ತಿಗೆ,

ನಿಮ್ಮ ಲಕೋಟೆ ಮೂರು ದಿನದಿಂದ ಪ್ಲಾಸ್ಟರಿನ ದವಡೆಗಳ ನಡುವೆ ನೆಟ್ಟಗೆ ನಿಂತಿದೆ. ನಾನು ಒಡೆದಿಲ್ಲ. ಕಬ್ಬಿಣದ ಸೇತುವೆ ಯಾವ ದಿಕ್ಕಿಗಿದೆಯೋ ನನಗೆ ಗೊತ್ತಿಲ್ಲ. ಆಟ ತಂದ ದಿನದಿಂದ ನಾನು ಮೊದಲ ಕಟ್ಟೆಯಲ್ಲೇ ನಿಂತಿದ್ದೇನೆ. ಎಡಗೈಗೆ ನಡೆಸಲು ಬರುವುದಿಲ್ಲ. ಮುಂದೆ ಎಂದರೆ ಪಕ್ಕಕ್ಕೆ ಹೋಗುತ್ತಾಳೆ, ನಿಲ್ಲು ಎಂದರೆ ನೀರಿಗೆ ಬೀಳುತ್ತಾಳೆ. ಕಟ್ಟೆಯ ಮೇಲಿನ ಒಂದೇ ದೀಪವನ್ನು ನೂರು ಸಲ ಹಚ್ಚಿದ್ದೇನೆ. ಇದನ್ನು ನಿಮಗೆ ಹೇಗೆ

•

ಜೂನ್ ೨೦
(ಲಕೋಟೆಯ ಮೇಲೆ: ಯಾವಾಗ ಬೇಕಾದರೂ)

ಅತ್ತಿಗೆ,

ನಿಮ್ಮ ಪತ್ರ ತಲುಪಿತು. ಸೇತುವೆಯ ಆಚೆ ಕೂತು ಇದನ್ನು ಬರೆಯುತ್ತಿದ್ದೇನೆ ಎಂದೇ ತಿಳಿಯಿರಿ. ಎಂಥ ಪತ್ರ. ನೀವು ಬರೆದ ಒಂದೊಂದು ಮಾತಿಗೂ ನನ್ನ ಒಪ್ಪಿಗೆ ಇದೆ, ಅದಕ್ಕಿಂತ ಹೆಚ್ಚು ಹೇಳಲು ನನಗೆ ತೋಚುವುದಿಲ್ಲ. ನಿಮ್ಮಷ್ಟು ದೂರ ಹೋಗುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಕುಂಡದವಳು ಈಗ ಎರಡು ಚೆಂಬು ನೀರು ಹಾಕುತ್ತಿದ್ದಾಳೆ. ಏನೋ ಮೊಳಕೆ ಬಂದಿದೆ.

ಕಡ್ಡಿ

•

ಜುಲೈ ೮
(ಲಕೋಟೆಯ ಮೇಲೆ ಏನೂ ಬರೆದಿಲ್ಲ)

ಕಡ್ಡಿಗೆ,

ಆರನೆಯ ತಾರೀಕು ಬೆಳಗಿನ ರೈಲು ನೋಡಿದೆ, ಆಮೇಲಿನದೂ ನೋಡಿದೆ, ಮಧ್ಯಾಹ್ನದ್ದೂ ನೋಡಿದೆ. ಸ್ಟೇಷನ್ನಿನಲ್ಲಿ ಚಹಾ ಮಾರುವಾಕೆ ಕೊನೆಗೆ ತನ್ನ ಸ್ಟೂಲನ್ನೇ ನನಗೆ ಕೊಟ್ಟಳು. ಮರುದಿನವೂ ಹೋಗಿದ್ದೆ. ನಿಮ್ಮಣ್ಣ ಫೋನು ಮಾಡಿ ಕೇಳುತ್ತೇನೆ ಎಂದರು, ನಾನೇ ಬೇಡವೆಂದೆ. ಫೋನಿನಲ್ಲಿ ಕೇಳಿಸಿಕೊಂಡು ಬರುವವಳು ಬೇಡ ನನಗೆ.

ಒಪ್ಪಿಗೆ ಎಂದು ಬರೆದದ್ದು ನನ್ನ ಮನಸ್ಸು ನೋಯಿಸಬಾರದೆಂದು ಇರಬಹುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನೇ ಒಡೆದ ಮುತ್ತು ಹೆಕ್ಕಲು ಹೊರಟೆ. ತಪ್ಪು ನಿನ್ನದಲ್ಲ.

ಆಟ ನಿಲ್ಲಿಸಿದ್ದೇನೆ. ಚೆನ್ನಾದ ಆಟ. ನೀನು ನಿಧಾನವಾಗಿ ಆಡು, ನಿನಗೆ ಅದೇ ಒಗ್ಗುವುದು.

ಅತ್ತಿಗೆ

•

ಜುಲೈ ೧೪, ರೈಲಿನಲ್ಲಿ
(ಲಕೋಟೆಯ ಮೇಲೆ: ಬಾಗಿಲು ತೆಗೆದ ಮೇಲೆ ಒಡೆಯುವುದು)

ಅತ್ತಿಗೆ,

ಇದನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತಿದ್ದೇನೆ. ಅಂಚೆಯವರ ಮೇಲೆ ನಂಬಿಕೆ ಇಲ್ಲವೆಂದಲ್ಲ, ನನ್ನ ಮೇಲೆ ಇಲ್ಲ. ಎದುರು ನಿಂತರೆ ನನ್ನ ಬಾಯಿ ಹೊರಡುವುದಿಲ್ಲ, ಹೊರಟರೂ ಬೇಡದ್ದೇ ಹೊರಡುತ್ತದೆ, ಅದು ನಿಮಗೆ ಗೊತ್ತಿದ್ದದ್ದೇ. ಹಾಗಾಗಿ ಲಕೋಟೆ ಕೊಟ್ಟು ಸುಮ್ಮನೆ ನಿಲ್ಲುತ್ತೇನೆ. ಓದಿದ ಮೇಲೆ ಬಾಗಿಲು ಹಾಕಿಕೊಂಡರೂ ಸರಿಯೇ.

ನಿನ್ನೆ ನಿಮ್ಮ ಪತ್ರ ಬಂತು. ಮೂರು ರೈಲು ಎಂದು ಯಾಕೆ ಬರೆದಿದ್ದೀರಿ ಎಂದೇ ಅರ್ಥವಾಗಲಿಲ್ಲ. ಎರಡನೆಯ ಸಲ ಓದುವಾಗ ಒಪ್ಪಿಗೆ ಎಂಬ ಮಾತು ಕಣ್ಣಿಗೆ ಬಿತ್ತು. ಅಮ್ಮನ ಆಣೆ ಮುರಿದು, ದವಡೆಗಳ ನಡುವೆ ನಾಲ್ಕು ವಾರ ನಿಂತಿದ್ದ ಲಕೋಟೆ ಒಡೆದೆ.

ಹೌದು ಅತ್ತಿಗೆ, ನಾನು ಅದನ್ನು ಓದದೆಯೇ ಒಪ್ಪಿಗೆ ಎಂದು ಬರೆದೆ. ಓದಿಲ್ಲ ಎಂದು ಹೇಳಿದರೆ ಸೇತುವೆ ದಾಟಿಲ್ಲ ಎಂದು ಹೇಳಬೇಕಿತ್ತು, ಸೇತುವೆ ದಾಟಿಲ್ಲ ಎಂದರೆ ಕಟ್ಟೆಯನ್ನೇ ಬಿಟ್ಟಿಲ್ಲ ಎಂದು ಹೇಳಬೇಕಿತ್ತು. ಅದಕ್ಕೇ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಏನೋ ಗೀಚಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವಳಿಗಿಂತ ಜಾಣೆ, ನೆಲ ಬಹಳ ಚಂದ, ಅದಕ್ಕೇ ಕುಣಿಯದೆ ನಿಂತಿದ್ದೇನೆ ಎಂದೆ. ಜೂನ್ ಹತ್ತೊಂಬತ್ತರಂದು ನಿಜ ಬರೆಯಲು ಕೂತು ಅರ್ಧಕ್ಕೆ ನಿಲ್ಲಿಸಿದ ಕಾಗದವನ್ನೂ ಇದರೊಳಗೆ ಇಟ್ಟಿದ್ದೇನೆ. ಅದನ್ನು ಕಳಿಸಿದ್ದರೆ ನೀವು ಚಹಾದವಳ ಸ್ಟೂಲಿನ ಮೇಲೆ ಕೂರಬೇಕಾಗಿರಲಿಲ್ಲ.

ಇನ್ನೂ ಒಂದಿದೆ. ನಾಲ್ಕು ಕೀಗಳಲ್ಲಿ ಒಬ್ಬಳನ್ನು ನಡೆಸುವುದು ಕಲಿಯಲಾಗದಷ್ಟು ಕಷ್ಟವಲ್ಲ. ಅಕ್ಕಿಕಾಳಿನಷ್ಟು ಹಲ್ಲಿಗೆ ಗೀರು ಕೆತ್ತುವವಳು ನಾನು. ಕೂತು ಒಂದು ವಾರ ಹಿಡಿದರೆ ಬರುತ್ತಿತ್ತು. ಎಡಗೈ ಕೀಬೋರ್ಡಿನ ಮೇಲೆ ಇಟ್ಟಾಗಲೆಲ್ಲ, ಇದು ನಿಮ್ಮ ಜಾಗ, ನಾನೇಕೆ ಇಲ್ಲಿ ಕೈ ಹಾಕುತ್ತಿದ್ದೇನೆ ಅನ್ನಿಸುತ್ತಿತ್ತು. ಆಡಲು ಬರಲಿಲ್ಲ ಎನ್ನುವುದಕ್ಕಿಂತ ನೀವಿಲ್ಲದೆ ಆಡಲು ಮನಸ್ಸಾಗಲಿಲ್ಲ ಎನ್ನುವುದು ನಿಜ. ಇದನ್ನೇ ನಿಧಾನ ಎಂದು ಕರೆದೆ.

ಕಂಪ್ಯೂಟರಿನ ವಿಷಯ ನೀವು ಬರೆದದ್ದು ಓದಿದೆ. ಮೂರು ಅಂಗಡಿಗೆ ಹೊತ್ತುಕೊಂಡು ಹೋಗಿದ್ದಿರಿ. ನಾನು ಒಂದು ಮಾತು ಕೇಳದೆ ಆ ಮಾತು ಆಡಿ, ಬ್ಯಾಗು ಎತ್ತಿಕೊಂಡು ಹೊರಟುಬಂದೆ. ತಪ್ಪಾಯಿತು ಅತ್ತಿಗೆ. ಮೂರು ವರ್ಷದಿಂದ ಹೊರಗಿರುವವಳು ನಾನು, ಆ ಮನೆಯನ್ನು ನಡೆಸುತ್ತಿರುವವರು ನೀವು. ಹೊರಗಿನವರು ಯಾರೆಂದು ಈಗ ನನಗೆ ಗೊತ್ತಾಗಿದೆ.

ಯಜಮಾನರು ಮತ್ತೆ ರಜೆ ಯಾಕೆಂದು ಕೇಳಿದರು. "ಹಳೇ ಸಂಬಂಧಿಕರ ಮನೆಗೆ ಈ ಸಲ ನಾನೇ ಹೋಗ್ತಿದೀನಿ" ಎಂದೆ. "ಅವತ್ತು ಅವರು ಬಂದಿದ್ರಲ್ಲ" ಎಂದರು. "ಅರ್ಧ ಬಂದಿದ್ರು ಸರ್" ಎಂದೆ. ಅವರು ರಜೆಯ ಚೀಟಿಗೆ ಸಹಿ ಹಾಕಿದರು.

ನಿಮ್ಮ ರಜೆ ಇನ್ನೂ ಎರಡು ದಿನ ಉಳಿದಿದೆ. ಬೆಳಗಿನ ರೈಲು. ನೀವು ಸ್ಟೇಷನ್ನಿಗೆ ಬರುವುದು ಬೇಡ, ನಾನೇ ನಡೆದು ಬರುತ್ತೇನೆ. ನಿಜವಾದ ಕಾಲಿನಿಂದ ನಡೆಯಲು ನನಗೆ ಬರುತ್ತದೆ.

ನಿಮ್ಮ ಕಡ್ಡಿ

•

ಜುಲೈ ೧೬
(ಲಕೋಟೆಯ ಮೇಲೆ: ರೈಲು ಹೊರಟ ಮೇಲೆ ಒಡೆಯುವುದು)

ಕಡ್ಡಿ,

ನೀನು ಒಳಗೆ ಬಟ್ಟೆ ಮಡಿಸುತ್ತಿದ್ದೀಯ, ನಾನು ಅಡುಗೆಮನೆಯ ಕಟ್ಟೆಯ ಮೇಲೆ ಇದನ್ನು ಬರೆದು ನಿನ್ನ ಬ್ಯಾಗಿಗೆ ಸೇರಿಸುತ್ತೇನೆ. ಎದುರೆದುರು ಹೇಳಬಹುದಿತ್ತು. ಆದರೆ ಈಗ ಪತ್ರದ ರುಚಿ ಹತ್ತಿದೆ.

ಮೊನ್ನೆ ನೀನು ಬಾಗಿಲಲ್ಲಿ ತುಟಿ ಬಿಗಿ ಹಿಡಿದು ಲಕೋಟೆ ಚಾಚಿದಾಗ ನಾನು "ಮೊದ್ಲು ಕೈಕಾಲು ತೊಳ್ಕೊ" ಎಂದು ಒಳಗೆ ಹೋದದ್ದು ಸಿಟ್ಟಿನಿಂದಲ್ಲ. ಓದುವಾಗ ನನ್ನ ಮುಖ ನೀನು ನೋಡಬಾರದು ಅನ್ನಿಸಿತು. ನಿನ್ನ ಕಣ್ಣಿಗೆ ಏನೂ ತಪ್ಪುವುದಿಲ್ಲ. ಓದಿ ಮುಗಿಸಿ ಚಹಾ ತಂದಾಗ ಸಕ್ಕರೆ ಹಾಕಲು ಮರೆತಿದ್ದೆ, ನೀನು ಮರುಮಾತಿಲ್ಲದೆ ಕುಡಿದೆ. ನನ್ನ ಲೆಕ್ಕದಲ್ಲಿ ನಮ್ಮ ರಾಜಿ ಆದದ್ದು ಅಲ್ಲಿ.

ಮೊದಲ ಅರ್ಧ ಗಂಟೆ ನೆನಪಿಸಿಕೊಂಡರೆ ಈಗಲೂ ನಗು ಬರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಏಳು ಸಲ ಅವಳನ್ನು ಕಟ್ಟೆಯಿಂದ ನೀರಿಗೆ ಹಾಕಿದೆವು, ಏಳು ಸಲವೂ "ನಾನಲ್ಲ, ನೀವು", "ನಾನಲ್ಲ, ನೀನು". ನಿಮ್ಮಣ್ಣ ಬ್ರೆಡ್ಡು ಹಿಡಿದುಕೊಂಡು ಬಂದು ನಿಂತು, "ಸದ್ಯ, ಎದುರಾಳಿ ಬಂದ್ಲು" ಎಂದು ಹೇಳಿ ಒಳಗೆ ಹೋದರು. ಅವರು ಒಳಗೆ ಹೋಗಿ ಕಣ್ಣು ಒರೆಸಿಕೊಂಡದ್ದು ನಿನಗೆ ಕಾಣಲಿಲ್ಲ. ನೆಲದ ಮೇಲೆ ಕಣ್ಣಿರುವವರಿಗೆ ಕೆಲವು ಹೆಚ್ಚಿಗೆ ಕಾಣುತ್ತವೆ, ಬಾಗಿಲ ಪರದೆಯ ಕೆಳಗೆ ಅವರ ಚಪ್ಪಲಿ ಬಹಳ ಹೊತ್ತು ಒಂದೇ ಕಡೆ ನಿಂತಿತ್ತು.

ಆಮೇಲೆ ನೀನು ಅವಳ ಕತ್ತು ಎತ್ತಿದೆ. ಎರಡು ತಿಂಗಳು ನಡೆದ ಊರನ್ನು ನಾನು ಆಗ ಮೊದಲ ಸಲ ನೋಡಿದೆ. ಗಡಿಯಾರದ ಮೇಲೆ ಹಕ್ಕಿ ಇತ್ತು, ಕುಂಡದವಳು ಇದ್ದಳು. ನಾನು ದಾಟಿದ ಹನ್ನೆರಡು ಕಂಬಗಳನ್ನೂ ಮತ್ತೆ ನಡೆದೆವು, ಹನ್ನೆರಡನ್ನೂ ನೀನು ಹಚ್ಚಿದೆ. ಒಂದೊಂದು ಹತ್ತಿದಾಗಲೂ ನೀರಿನಲ್ಲಿ ಇನ್ನೊಂದು ಹತ್ತುತ್ತಿತ್ತು. ಅದೇ ಮೊಳೆಯ ಹತ್ತಿರ ಬಂದಾಗ ನೀನು, "ಇದೇನಾ ಅತ್ತಿಗೆ" ಎಂದು ಕೇಳಿ ಸುಮ್ಮನೆ ಬಗ್ಗಿ ನೋಡುತ್ತಾ ಕೂತೆ. ಆಟ ಮಾಡಿದವರು ಆ ಹೊತ್ತಿನಲ್ಲಿ ನಮ್ಮನ್ನು ನೋಡಬೇಕಿತ್ತು. ಹದಿನಾಲ್ಕು ವರ್ಷ ತೆಗೆದುಕೊಂಡದ್ದಕ್ಕೆ ಅವರನ್ನು ಕ್ಷಮಿಸಿದ್ದೇನೆ.

ಒಂದು ತಿದ್ದುಪಡಿ. ಕಿಟಕಿಗಳು ನಲವತ್ತೊಂದಲ್ಲ, ನಲವತ್ತೆರಡು. ಕೊನೆಯದು ಕಂಬದ ಮರೆಯಲ್ಲಿದೆ, ನಾಲ್ಕು ಹೆಜ್ಜೆ ಮುಂದೆ ಬಂದರೆ ಮಾತ್ರ ಕಾಣುತ್ತದೆ. ನಾನು ಹೆಜ್ಜೆ ಹಾಕಿಸಿದಾಗ ನೀನೇ ಎಣಿಸಿದೆ, ಈಗ ಸೋತೆ ಎಂದು ಒಪ್ಪಿಕೋ.

ಇನ್ನು ಬಚ್ಚಿಟ್ಟ ವಿಷಯ, ಇದೇ ಕೊನೆಯದು. ಇವತ್ತು ಮಧ್ಯಾಹ್ನ ಕೊನೆಯ ಬಾಗಿಲ ಮುಂದೆ ಬಂದು ನಿಂತಾಗ ನೀನು, "ಮುಗಿಸಿಬಿಡೋಣ ಅತ್ತಿಗೆ, ರೈಲಿಗಿನ್ನೂ ಟೈಮಿದೆ" ಎಂದೆ. ನಾನು ಬೆರಳು ಜೋಮು ಹಿಡಿದಿದೆ ಎಂದು ಎದ್ದುಬಿಟ್ಟೆ. ಜೋಮು ಹಿಡಿದಿರಲಿಲ್ಲ. ಅವಳು ಬಾಗಿಲ ಮುಂದೆ ಕೋಲು ಹಿಡಿದು ನಿಂತಿರಲಿ, ಸೊಂಟಕ್ಕೂ ಸ್ವಲ್ಪ ವಿಶ್ರಾಂತಿ ಸಿಗಲಿ. ಬಲಗಡೆಯ ಕುರ್ಚಿಯನ್ನು ನಾನು ತೆಗೆಯುವುದಿಲ್ಲ. ಮುಂದಿನ ರಜೆ ಯಾವಾಗ ಎಂದು ನಿನ್ನ ಯಜಮಾನರನ್ನು ಈಗಲೇ ಕೇಳಿಡು.

ಅಲ್ಲಿಯವರೆಗೆ ಒಂದು ಮಾತು ನಡೆಸಿಕೊಡು. ಅಲ್ಲಿ ಒಬ್ಬಳೇ ಕೂತು ಎಡಗೈಗೆ ನಡೆಸುವುದು ಕಲಿಸಬೇಡ.

ಅತ್ತಿಗೆ